ಮನೆ ಇನ್ಶೂರೆನ್ಸ್‌ಗೆ ನೀವೇ ಮಾರ್ಕ್ಸ್ ಹಾಕೋದು ಹೇಗೆ

ಕೊಡಗಲ್ಲಿ ಮಳೆ ಹಿಡೀತು ಅಂದ್ರೆ ಶ್ರೀರಂಗಪಟ್ಟಣದ ಹೊಳೆ ಪಕ್ಕದ ಮನೆಯವ್ರು ಕೆಆರ್‌ಎಸ್ ಲೆವೆಲ್ ನೋಡ್ಕೊಂಡೇ ಇರ್ತಾರೆ, 124.80 ಅಡಿ ಹತ್ರ ಬಂತು ಅಂದ್ರೆ ಸಾಮಾನೆಲ್ಲ ಅಟ್ಟಕ್ಕೆ ಹೋಗತ್ತೆ. 2024ರ ಜುಲೈ ಕೊನೇಲಿ ಡ್ಯಾಮಿಂದ ಲಕ್ಷ ಕ್ಯುಸೆಕ್ ಮೀರಿ ಬಿಟ್ಟಿದ್ದು ಯಾರೂ ಮರೆತಿಲ್ಲ. ಇತ್ತ ಮೈಸೂರಲ್ಲಿ ಒಂದು ಗಂಟೆ ಜೋರಾಗಿ ಸುರಿದ್ರೆ ಸಾಕು, ರಾಜಕಾಲುವೆ ಪಕ್ಕದ ತಗ್ಗಿನ ಮನೆಗಳಿಗೆ ನೀರು. ಆದ್ರೂ ಮನೆ ಇನ್ಶೂರೆನ್ಸ್ ಅಂತ ಬಂದಾಗ ನಾವು ಕೇಳೋದು ಒಂದೇ, ಪ್ರೀಮಿಯಂ ಎಷ್ಟು ಅಂತ.

ನಮ್ಮ ಅಕ್ಕನ ಮನೆ ಮಂಡ್ಯದಲ್ಲಿ. ಒಂದಿನ ರಾತ್ರಿ ಕರೆಂಟ್ ಜಾಸ್ತಿ ಬಂದು ಫ್ರಿಜ್ಜು ಟಿವಿ ಮೋಟರ್ ಸ್ಟಾರ್ಟರ್ ಮೂರೂ ಸುಟ್ಟೋದ್ವು, ಭಾವ ಪಾಲಿಸಿ ಇದೆಯಲ್ಲ ಅಂತ ಧೈರ್ಯವಾಗಿದ್ರು, ಕಂಪನಿಯವ್ರು ಬರಲ್ಲ ಅಂದ್ರು. ಪಾಲಿಸಿ ತೆಗೆದು ನೋಡಿದ್ರೆ ಅವರು ಹೇಳಿದ್ದು ಅದ್ರಲ್ಲೇ ಬರೆದಿತ್ತು. ಇದನ್ನ ಮೊದ್ಲೇ ಯಾರಾದ್ರೂ ಓದಿ ಹೇಳ್ಬಾರ್ದಿತ್ತಾ ಅಂತ ಅಕ್ಕ ಕೇಳಿದ್ಲು, ಅದಕ್ಕೇ ಇದನ್ನ ಬರೀತಿದೀನಿ.

ಬ್ರಿಟನ್‌ನಲ್ಲಿ ಹೋಮ್ ಎಮರ್ಜೆನ್ಸಿ ಅಂತಲೇ ಬೇರೆ ಪಾಲಿಸಿ ಸಿಗತ್ತೆ, ಚಳೀಲಿ ಬಾಯ್ಲರ್ ಕೆಟ್ರೆ, ಪೈಪ್ ಒಡೆದ್ರೆ, ಬೀಗದ ಕೈ ಕಳೆದ್ರೆ ರಿಪೇರಿಯವರನ್ನ ಕಳಿಸ್ತಾರೆ. ಡಿಫ್ಯಾಕ್ಟೊ ಅನ್ನೋ ಸಂಸ್ಥೆ ಇಂಥ ಪಾಲಿಸಿಗಳಿಗೆ 1ರಿಂದ 5 ಸ್ಟಾರ್ ಕೊಡತ್ತೆ, ಅದು ನೋಡೋದು ಪಾಲಿಸಿ ಒಳಗೆ ಏನೇನು ಇದೆ ಅಂತ, ರೇಟು ಎಷ್ಟು ಅಂತಲ್ಲ. ಈ ಅಭ್ಯಾಸ ನನಗೆ ತುಂಬಾ ಹಿಡಿಸ್ತು. ಒಂದು ಹಾಳೆ ತಗೊಳ್ಳಿ, ನೂರು ಮಾರ್ಕ್ಸಲ್ಲಿ ಯಾವುದು ಸೇರತ್ತೆ ಯಾವುದು ಸೇರಲ್ಲ ಅನ್ನೋದಕ್ಕೆ 40, ಮೊತ್ತ ಸರಿ ಇದೆಯಾ ಅನ್ನೋದಕ್ಕೆ 25, ಕಂಪನಿ ಕ್ಲೇಮ್ ಕೊಡೋ ರೀತಿಗೆ 25, ಉಳಿದ 10 ಮಾತ್ರ ರೇಟಿಗೆ. ಇದು ನನ್ನ ಲೆಕ್ಕ, ನಿಮ್ಮ ಮನೆಗೆ ತಕ್ಕ ಹಾಗೆ ಬದಲಾಯಿಸ್ಕೊಳ್ಳಿ.

ಶುರು ಮಾಡೋ ಮುಂಚೆ ಕೈಲಿರೋದು ನಿಜವಾಗ್ಲೂ ಮನೆ ಇನ್ಶೂರೆನ್ಸಾ ನೋಡಿ. ಹೋಮ್ ಲೋನ್ ಜೊತೆ ಬ್ಯಾಂಕಲ್ಲಿ ಕೊಟ್ಟಿದ್ದು ಎಷ್ಟೋ ಸಲ ಸಾಲ ತಗೊಂಡವ್ರು ತೀರಿಕೊಂಡ್ರೆ ಸಾಲ ತೀರಿಸೋ ಲೈಫ್ ಪಾಲಿಸಿ ಆಗಿರತ್ತೆ, ಗೋಡೆ ಬಿದ್ರೆ ಅದ್ರಿಂದ ಒಂದು ರೂಪಾಯೀನೂ ಬರಲ್ಲ.

ಮೊದಲನೇ ಹೆಜ್ಜೆ, ಒಳಗೇನಿದೆ. ಬಣ್ಣದ ಬ್ರೋಷರ್ ಪಕ್ಕಕ್ಕಿಟ್ಟು ಪಾಲಿಸಿ ವರ್ಡಿಂಗ್ ಅನ್ನೋ, ಎಲ್ಲಾ ಷರತ್ತೂ ಇರೋ ಉದ್ದದ ಪಿಡಿಎಫ್ ಕೇಳಿ ತಗೊಳ್ಳಿ. ಹೋಲಿಸೋಕೆ ನಮ್ಮ ದೇಶದಲ್ಲೇ ಒಂದು ಒಳ್ಳೇ ಅಳತೆಗೋಲು ಇದೆ, ಭಾರತ್ ಗೃಹ ರಕ್ಷಾ ಅನ್ನೋ ಮನೆ ಪಾಲಿಸಿ. ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಹೇಳಿದ ಮೇಲೆ 2021ರ ಏಪ್ರಿಲ್ 1ರಿಂದ ಫೈರ್ ಇನ್ಶೂರೆನ್ಸ್ ಮಾಡೋ ಎಲ್ಲಾ ಜನರಲ್ ಇನ್ಶೂರೆನ್ಸ್ ಕಂಪನಿಗಳೂ ಇದನ್ನ ಕೊಡಲೇಬೇಕು, ಮೂಲ ಷರತ್ತು ಎಲ್ಲರ ಹತ್ರನೂ ಒಂದೇ. ಬೆಂಕಿ, ಸಿಡಿಲು, ಗ್ಯಾಸ್ ಸಿಲಿಂಡರ್ ಸ್ಫೋಟ, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ, ಟ್ಯಾಂಕ್ ಪೈಪ್ ಒಡೆದು ನೀರು ನುಗ್ಗೋದು ಎಲ್ಲಾ ಅದ್ರಲ್ಲಿ ಬರತ್ತೆ. ಬೇರೆ ಹೆಸರಿನ ದುಬಾರಿ ಪಾಲಿಸಿ ಯಾರಾದ್ರೂ ತೋರಿಸಿದ್ರೆ ಇದಕ್ಕಿಂತ ಜಾಸ್ತಿ ಏನು ಕೊಡ್ತೀರ ಅಂತ ನೇರವಾಗಿ ಕೇಳಿ.

ಆಮೇಲೆ ಸೇರದೇ ಇರೋದರ ಪಟ್ಟಿ, ಅರ್ಧ ಟೈಮ್ ಇಲ್ಲೇ ಕೊಡಿ. ಕಳ್ಳತನ ಬರತ್ತೆ ಅಂತ ಬಹಳ ಜನ ನಂಬಿದಾರೆ, ಆದ್ರೆ ಗೃಹ ರಕ್ಷಾದಲ್ಲಿ ಪ್ರವಾಹನೋ ಬೆಂಕಿನೋ ಆಗಿ ಅದಾದ 7 ದಿನದೊಳಗೆ ಕಳ್ಳತನ ಆದ್ರೆ ಮಾತ್ರ ಬರತ್ತೆ, ದಸರಾ ರಜೇಲಿ ಊರಿಗೆ ಹೋದಾಗ ಬೀಗ ಒಡೆದ್ರೆ ಅದಕ್ಕೆ ಬರ್ಗ್ಲರಿ ಕವರ್ ಬೇರೆ ತಗೊಂಡಿರ್ಬೇಕು. ಎರಡನೇದು ಅಕ್ಕನ ಮನೇಲಿ ಆಗಿದ್ದು. ಶಾರ್ಟ್ ಸರ್ಕ್ಯೂಟ್ ಆಗಿ ಅಥವಾ ಕರೆಂಟ್ ಜಾಸ್ತಿ ಬಂದು ಒಂದು ಫ್ರಿಜ್ ಸುಟ್ರೆ ಆ ಫ್ರಿಜ್‌ಗೆ ದುಡ್ಡು ಬರಲ್ಲ, ಅದರಿಂದ ಬೆಂಕಿ ಹತ್ತಿ ಬೀರು, ಮಂಚ, ಕಿಟಕಿ ಸುಟ್ರೆ ಅವಕ್ಕೆ ಬರತ್ತೆ. ಫ್ರಿಜ್‌ಗೂ ಬೇಕು ಅಂದ್ರೆ ಎಲೆಕ್ಟ್ರಿಕಲ್ ಬ್ರೇಕ್‌ಡೌನ್ ಅಂತ ಬೇರೆ ಕವರ್ ಇದೆಯಾ ಕೇಳಿ. ಮೂರನೇದು ಸೀಪೇಜ್. ವರ್ಷಾನುಗಟ್ಲೆ ಗೋಡೆ ನೆನೆದು ಪೇಂಟ್ ಉದುರೋದು ಸವೆತದ ಲೆಕ್ಕ, ಪೈಪ್ ಒಂದೇ ಸಲ ಒಡೆದು ಮನೆ ತುಂಬಿದ್ರೆ ಅದು ಕ್ಲೇಮ್. ಇನ್ನು ಹಳ್ಳಿ ಕಡೆ ಮಣ್ಣಿನ ಗೋಡೆ, ನಾಡ ಹೆಂಚಿನ ಮನೆ ಇದ್ರೆ ಅದನ್ನ ಅರ್ಜೀಲಿ ಹಾಗೇ ಬರೆಸಿ, ಏಜೆಂಟ್ ಪರವಾಗಿಲ್ಲ ಬಿಡಿ ಸಾರ್ ಅಂದ್ರೂ ಬಿಡ್ಬೇಡಿ, ಆರ್‌ಸಿಸಿ ಅಂತ ಬರೆದು ಆಮೇಲೆ ನಷ್ಟ ಲೆಕ್ಕ ಹಾಕೋ ಸರ್ವೇಯರ್ ಬಂದು ಹೆಂಚು ನೋಡಿದ್ರೆ ಕಷ್ಟ ನಿಮಗೇ.

ಎರಡನೇ ಹೆಜ್ಜೆ ಮೊತ್ತ, ಇಲ್ಲಿ ಜನ ಎಡವೋದು ಸೈಟಿನ ಬೆಲೆ ಸೇರಿಸಿ. ಕುವೆಂಪುನಗರದಲ್ಲಿ 30‑40 ಸೈಟಿನ ಮನೆ ಕೋಟಿ ದಾಟತ್ತೆ ಅಂತ ಕೋಟಿಗೆ ಇನ್ಶೂರ್ ಮಾಡಿದ್ರೆ ಸುಮ್ನೆ ಪ್ರೀಮಿಯಂ ದಂಡ, ಭೂಮಿ ಎಲ್ಲೂ ಹೋಗಲ್ಲ, ಲೆಕ್ಕ ಮತ್ತೆ ಕಟ್ಟೋ ಖರ್ಚಿಗೆ ಮಾತ್ರ. ಸಾವಿರ ಚದರಡಿ ಮನೆ, ನಿಮ್ಮ ಮೇಸ್ತ್ರಿ ಈಗ ಅಡಿಗೆ 2,200 ಹೇಳ್ತಾರೆ ಅಂತಿಟ್ಕೊಳ್ಳಿ, 22 ಲಕ್ಷ ಆಯ್ತು. ಗೃಹ ರಕ್ಷಾದಲ್ಲಿ ಇದರ 20 ಪರ್ಸೆಂಟ್, ಅಂದ್ರೆ 4.4 ಲಕ್ಷ, ಮನೆ ಸಾಮಾನಿಗೆ ತಾನಾಗೇ ಸೇರತ್ತೆ, ಆದ್ರೆ ಎಷ್ಟು ದೊಡ್ಡ ಮನೆ ಆದ್ರೂ ಹೀಗೆ ಸಿಗೋದು 10 ಲಕ್ಷದವರೆಗೆ ಮಾತ್ರ, ಜಾಸ್ತಿ ಬೇಕಾದ್ರೆ ಪಟ್ಟಿ ಕೊಟ್ಟು ತಗೋಬೇಕು. ಒಡವೆ ಇದ್ರಲ್ಲಿ ಬರಲ್ಲ, ಅದಕ್ಕೆ ಬೇರೆ ಕವರ್. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಗೆ ಮಾಡಿಸಿದ್ರೆ ಮನೆ ಮೊತ್ತ ವರ್ಷಕ್ಕೆ 10 ಪರ್ಸೆಂಟ್ ತಾನೇ ಏರತ್ತೆ.

ಕಮ್ಮಿ ಮೊತ್ತಕ್ಕೆ ಮಾಡಿಸಿದ್ರೆ ಏನಾಗತ್ತೆ ಅನ್ನೋದೂ ಮುಖ್ಯ. ಹಳೇ ಥರದ ಪಾಲಿಸೀಲಿ 40 ಲಕ್ಷದ ಮನೇನ 20 ಲಕ್ಷಕ್ಕೆ ಬರೆಸಿ 4 ಲಕ್ಷ ನಷ್ಟ ಆದ್ರೆ ಬರೋದು 2 ಲಕ್ಷ, ಅರ್ಧ ಬರೆಸಿದೀರಿ ಅರ್ಧ ತಗೊಳ್ಳಿ ಅನ್ನೋ ಲೆಕ್ಕ. ಗೃಹ ರಕ್ಷಾದಲ್ಲಿ ಈ ಕಡಿತ ಇಲ್ಲ. ಬೇರೆ ಪಾಲಿಸಿ ಆದ್ರೆ ಅಂಡರ್‌ಇನ್ಶೂರೆನ್ಸ್ ಅನ್ನೋ ಪದ ಹುಡುಕಿ, ಕಡಿತ ಇದ್ರೆ ನಾನಾದ್ರೆ ಈ 25ರಲ್ಲಿ 15 ಮಾರ್ಕ್ಸ್ ಕಳೀತೀನಿ.

ಮೂರನೇದು ಕಂಪನಿ. 98 ಪರ್ಸೆಂಟ್ ಕ್ಲೇಮ್ ಸೆಟಲ್ಡ್ ಅಂತ ದೊಡ್ಡ ಅಕ್ಷರದಲ್ಲಿ ಹಾಕಿರ್ತಾರೆ, ಅದು ಬೈಕು ಕಾರು ಎಲ್ಲಾ ಸೇರಿದ ಲೆಕ್ಕ ಇರಬಹುದು. ಪ್ರತಿ ಕಂಪನಿ ವೆಬ್‌ಸೈಟಲ್ಲೂ ಪಬ್ಲಿಕ್ ಡಿಸ್‌ಕ್ಲೋಷರ್ ಅನ್ನೋ ಪುಟ ಇರತ್ತೆ, ಮೂರು ತಿಂಗಳಿಗೊಮ್ಮೆ ಅಂಕಿಅಂಶ ಹಾಕಲೇಬೇಕು. ಅದ್ರಲ್ಲಿ ಏಜಿಂಗ್ ಆಫ್ ಕ್ಲೇಮ್ಸ್ ಅನ್ನೋ ಪಟ್ಟಿ ತೆಗೆದು ಫೈರ್ ಅನ್ನೋ ಸಾಲು ನೋಡಿ, ಮನೆ ಪಾಲಿಸಿ ಅದ್ರಲ್ಲೇ ಬರೋದು, ಎಷ್ಟು ಕ್ಲೇಮ್ ಒಂದು ತಿಂಗಳೊಳಗೆ ಆಗಿದೆ, ಎಷ್ಟು ಆರು ತಿಂಗಳು ದಾಟಿದೆ ಅಂತ ಅಲ್ಲೇ ಸಿಗತ್ತೆ. ಜಾಹೀರಾತಿಗಿಂತ ನಾನು ಈ ಒಂದು ಸಾಲನ್ನ ನಂಬ್ತೀನಿ. ಕ್ಲೇಮ್ ಕೊಡೋಕೆ ಕಂಪನಿ ಹತ್ರ ಸಾಕಷ್ಟು ದುಡ್ಡಿದೆಯಾ ಅಂತ ತೋರಿಸೋ ಸಾಲ್ವೆನ್ಸಿ ರೇಷಿಯೋ ಕೂಡ ಅಲ್ಲೇ ಇರತ್ತೆ, 1.5ಕ್ಕಿಂತ ಕೆಳಗೆ ಇರಬಾರದು ಅನ್ನೋದು ನಿಯಮ.

ಪ್ಲಂಬರ್, ಎಲೆಕ್ಟ್ರಿಷಿಯನ್ ಕಳಿಸ್ತೀವಿ ಅನ್ನೋ ಹೋಮ್ ಅಸಿಸ್ಟೆನ್ಸ್ ಸೇರಿಸಿ ಕೊಡ್ತೀವಿ ಅಂದ್ರೆ ಮೂರು ಪ್ರಶ್ನೆ ಸಾಕು. ವರ್ಷಕ್ಕೆ ಎಷ್ಟು ಸಲ ಬರ್ತಾರೆ, ಒಂದು ಸಲಕ್ಕೆ ಎಷ್ಟು ರೂಪಾಯಿ ತನಕ, ನಮ್ಮ ಪಿನ್‌ಕೋಡ್‌ಗೆ ಬರ್ತಾರಾ. ಮೈಸೂರು ಸಿಟಿಗೆ ಬರೋರು ಮಳವಳ್ಳಿ, ನಾಗಮಂಗಲಕ್ಕೂ ಬರ್ತಾರೆ ಅಂತ ಅಂದ್ಕೋಬೇಡಿ, ಬರ್ತೀವಿ ಅಂತ ಬರವಣಿಗೇಲಿ ಕೊಡದಿದ್ರೆ ಇದನ್ನ ಲೆಕ್ಕಕ್ಕೇ ತಗೋಬೇಡಿ.

ರೇಟಿನ ಬಗ್ಗೆ ಜಾಸ್ತಿ ಹೇಳೋದಿಲ್ಲ, ಒಂದೇ ಮೊತ್ತ ಒಂದೇ ಅವಧಿಗೆ ಮೂರು ಕಡೆ ಕೇಳಿ, 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿನೇ ಹೋಲಿಸಿ.

ಕ್ಲೇಮ್ ತಿರಸ್ಕಾರ ಆದ್ರೆ ಸುಮ್ನೆ ಕೂರ್ಬೇಡಿ. ಮೊದಲು ಕಂಪನಿಗೇ ಲಿಖಿತ ದೂರು, ಒಂದು ತಿಂಗಳಲ್ಲಿ ಉತ್ತರ ಬರದಿದ್ರೆ ಅಥವಾ ಬಂದ ಉತ್ತರ ಸರಿ ಅನಿಸದಿದ್ರೆ ಇಂಥ ದೂರು ಕೇಳಿ ತೀರ್ಮಾನ ಮಾಡೋ, ಬೆಂಗಳೂರಲ್ಲಿರೋ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ಹೋಗಬಹುದು, 50 ಲಕ್ಷದವರೆಗಿನ ಕೇಸ್ ನೋಡ್ತಾರೆ, ಫೀಸಿಲ್ಲ, ಲಾಯರೂ ಬೇಡ. ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್‌ನಲ್ಲೂ 155255 ನಂಬರಲ್ಲೂ ದೂರು ಕೊಡಬಹುದು.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ, ಫೋನ್ ಹಿಡ್ಕೊಂಡು ಮನೆಯ ಪ್ರತಿ ರೂಮು, ಬೀರು ಬಾಗಿಲು ತೆಗೆದು, ಟಿವಿ ಫ್ರಿಜ್ಜಿನ ಹಿಂದಿನ ನಂಬರ್ ಕಾಣೋ ಹಾಗೆ ವಿಡಿಯೋ ಮಾಡಿ, ಬಿಲ್ಲುಗಳ ಫೋಟೋ ಜೊತೆ ಬೇರೆ ಊರಲ್ಲಿರೋ ಅಣ್ಣನಿಗೋ ಮಗಳಿಗೋ ವಾಟ್ಸಾಪ್ ಮಾಡಿಡಿ. ಭಾವ ಈಗ ಮಾಡಿದಾರೆ, ಅದು ನನ್ನ ಫೋನಲ್ಲಿದೆ.