ರಸ್ತೆಯಂಚಿನ ಖಾಲಿ ಪಟ್ಟಿಯಲ್ಲಿ ಬೀದಿಯವರೆಲ್ಲರ ತರಕಾರಿ ತೋಟ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಕಾಂಪೌಂಡ್ ಗೋಡೆಗೂ ರಸ್ತೆಗೂ ನಡುವೆ ಮೂರ್ನಾಲ್ಕು ಅಡಿ ಅಗಲದ ಮಣ್ಣಿನ ಪಟ್ಟಿ ಉಳಿದಿರುವುದುಂಟು. ಒಡೆದ ಇಟ್ಟಿಗೆ, ಪಾರ್ಥೇನಿಯಂ ಮತ್ತು ಯಾರೋ ಎಸೆದ ಎಳನೀರು ಬುರುಡೆಗಳ ಹೊರತು ಅಲ್ಲಿ ಬೇರೇನೂ ಇರುವುದಿಲ್ಲ. ಅದನ್ನು ನಾಲ್ಕಾರು ಮನೆಗಳವರು ಸೇರಿ ತರಕಾರಿ ಮಡಿಯಾಗಿಸಬಹುದು.

ಗುದ್ದಲಿ ಹಿಡಿಯುವ ಮೊದಲು ಅರ್ಜಿ ಬರೆಯಬೇಕು. ಮನೆಯ ಮುಂದಿದೆ ಎಂಬ ಮಾತ್ರಕ್ಕೆ ರಸ್ತೆಯಂಚು ನಮ್ಮದಾಗುವುದಿಲ್ಲ. ಅಕ್ಕಪಕ್ಕದವರೆಲ್ಲರ ಸಹಿ ಹಾಕಿಸಿ, ಅಳತೆಯೊಡನೆ ಕೈನಕ್ಷೆ ಲಗತ್ತಿಸಿ, ಕೇಳಿದಾಗ ತೆರವು ಮಾಡುತ್ತೇವೆಂಬ ಒಪ್ಪಿಗೆಯನ್ನೂ ಸೇರಿಸಿ ಪಾಲಿಕೆಯ ವಾರ್ಡ್ ಎಂಜಿನಿಯರ್ ಕಚೇರಿಗೆ ಸಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳಿ. ಲಾಸ್ ಏಂಜಲೀಸ್‌ನಲ್ಲಿ 2010ರಲ್ಲಿ ಮನೆ ಮುಂದಿನ ಪಟ್ಟಿಯಲ್ಲಿ ತರಕಾರಿ ಬೆಳೆದ ರಾನ್ ಫಿನ್ಲೆ ಎಂಬವರಿಗೆ ನಗರಾಡಳಿತದಿಂದ ನೋಟಿಸು ಬಂದಿತ್ತು; ಅಲ್ಲಿಯ ನಿಯಮ ಸಡಿಲವಾದದ್ದು ಆಮೇಲೆ. ಬಿಸಿಲಿಗೆ ಅಡ್ಡವೆಂದು ರಸ್ತೆ ಬದಿಯ ಮರದ ಕೊಂಬೆ ಕಡಿಯುವಂತೆಯೂ ಇಲ್ಲ. 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದಕ್ಕೆ ಬೇರೆಯೇ ಅನುಮತಿ ಬೇಕು.

ನೆಲದಡಿಯಲ್ಲಿ ವಿದ್ಯುತ್ ಕೇಬಲ್ಲು, ನೀರಿನ ಪೈಪು ಇರಬಹುದಾದ್ದರಿಂದ ಅಗೆಯುವ ಆಸೆ ಬಿಡುವುದು ಕ್ಷೇಮ. ಹಳೆ ಇಟ್ಟಿಗೆಗಳನ್ನು ಒಂದು ಅಡಿ ಎತ್ತರಕ್ಕೆ ಜೋಡಿಸಿ, ಕೆಮ್ಮಣ್ಣು, ಕಾಂಪೋಸ್ಟ್ ಮತ್ತು ತೆಂಗಿನ ನಾರಿನ ಪುಡಿಯನ್ನು ಸಮಭಾಗ ಬೆರೆಸಿ ತುಂಬಿ. ಒಂದೇ ಬದಿಯಿಂದ ಕೈ ಚಾಚಬೇಕಿದ್ದರೆ ಮಡಿಯ ಅಗಲ ಎರಡು ಅಡಿ ಮೀರಬಾರದು. ನಡೆಯುವವರ ದಾರಿಯನ್ನೂ ಚರಂಡಿಯ ಚಪ್ಪಡಿಯನ್ನೂ ಪೂರ್ತಿ ಬಿಟ್ಟುಬಿಡಿ. ತಿರುವಿನ ಬಳಿ ಮೊಣಕಾಲಿಗಿಂತ ಎತ್ತರದ ಗಿಡ ಬೇಡ.

ವಾಹನ ದಟ್ಟಣೆಯ ರಸ್ತೆಯಾದರೆ ಸೊಪ್ಪು ಬೆಳೆಯಬೇಡಿ. ಎಲೆಯ ಮೇಲೆ ಕೂತ ಧೂಳು ಸುಲಭಕ್ಕೆ ಹೋಗುವುದಿಲ್ಲ. ಅಲ್ಲಿಗೆ ಬೆಂಡೆ, ಬದನೆ, ಮೆಣಸಿನಕಾಯಿ ಒಳ್ಳೆಯವು. ಒಳರಸ್ತೆಯಲ್ಲಿ ಮಾತ್ರ ಮೆಂತ್ಯ, ದಂಟು ಹಾಕಬಹುದು. ಮೆಂತ್ಯ ಒಂದು ತಿಂಗಳಲ್ಲಿ ಕೈಗೆ ಬರುವುದರಿಂದ ಹೊಸಬರ ಉತ್ಸಾಹವೂ ಉಳಿಯುತ್ತದೆ. ಬೀಜವನ್ನು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಿಂದ ಆರಿಸಿಕೊಳ್ಳಿ: ಬೆಂಡೆಗೆ ಅರ್ಕಾ ಅನಾಮಿಕ, ದಂಟಿಗೆ ಅರ್ಕಾ ಸುಗುಣ.

ನೀರಿನ ವಿಷಯದಲ್ಲಿ ಕಾವೇರಿ ನಲ್ಲಿಯನ್ನು ಮರೆತುಬಿಡಬೇಕು. 2024ರ ಮಾರ್ಚಿಯ ಬರದಲ್ಲಿ ಕುಡಿಯುವ ನೀರನ್ನು ಗಿಡಗಳಿಗೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿದ್ದು ನೆನಪಿರಬಹುದು. ಅಕ್ಕಿ, ಬೇಳೆ ತೊಳೆದ ನೀರನ್ನು ಮನೆಗೊಂದು ಬಕೆಟ್‌ನಂತೆ ಸರದಿಯಲ್ಲಿ ತಂದರೆ ಚಿಕ್ಕ ಮಡಿಗೆ ಸಾಕು. ಸೋಪಿನ ನೀರು ಬೇಡ.

ಇನ್ನು ಕಠಿಣವಾದದ್ದು ಕೊಯ್ಲು. ನಮ್ಮ ಬೀದಿಯ ಮೊದಲ ಬೆಳೆಯಲ್ಲಿ ಯಾರೂ ಕದಿಯಲಿಲ್ಲ. ಎದುರುಮನೆಯವರು ಕೀಳಲಿ ಎಂದು ಇವರು, ಇವರು ಕೀಳಲಿ ಎಂದು ಅವರು ಸಂಕೋಚಪಟ್ಟು ಕಾದದ್ದರಿಂದ ಬೆಂಡೆಕಾಯಿಯೆಲ್ಲ ಬಲಿತು ನಾರಾಯಿತು. ಆದ್ದರಿಂದ ನಿಯಮವನ್ನು ಬಿತ್ತನೆಯ ದಿನವೇ ಬರೆದಿಡಿ: ಆ ವಾರ ಯಾರು ನೀರು ಹಾಕುವರೋ ಕೊಯ್ಯುವ ಹೊಣೆಯೂ ಅವರದೇ, ಕೊಯ್ದದ್ದು ಬುಟ್ಟಿಯಲ್ಲಿ ಗೇಟಿನ ಮುಂದೆ ಎಲ್ಲರಿಗೂ. ದಾರಿಹೋಕರೊಬ್ಬರು ನಾಲ್ಕು ಮೆಣಸಿನಕಾಯಿ ಕಿತ್ತುಕೊಂಡರೆ ಜಗಳಕ್ಕೆ ನಿಲ್ಲಬೇಡಿ, ಜಾಗ ಅವರದೂ ಹೌದು. ಬೆಂಡೆಯ ತುದಿಯನ್ನು ಬೆರಳಿನಿಂದ ಬಗ್ಗಿಸಿದರೆ ಟಕ್ಕೆಂದು ಮುರಿಯಬೇಕು. ಮುರಿಯದೆ ಬಾಗಿದರೆ ಅದನ್ನು ಬೀಜಕ್ಕೆ ಬಿಡಿ.