ಎಂಜಿಬಿಯ ಜೋಡಿ ಕಾರ್ಬೊರೇಟರ್ ಟ್ಯೂನ್ ಮಾಡುವುದು ಹೇಗೆ?

ಬಣ್ಣ ಹೊಸದು, ಸೀಟು ಹೊಸದು, ಕ್ರೋಮ್ ಬಂಪರ್‌ನಲ್ಲಿ ಮುಖ ಕಾಣುತ್ತದೆ. ಸ್ಟಾರ್ಟ್ ಮಾಡಿದರೆ ಮಾತ್ರ ಬರೀ ಕೆಮ್ಮು. ಇಂಗ್ಲೆಂಡಿನ ಹಳೆ ಕಾರುಗಳ ಮೇಳಗಳಲ್ಲಿ ಇಂಥ ಎಂಜಿಬಿ ಸ್ಪೋರ್ಟ್ಸ್ ಕಾರುಗಳನ್ನು ಎಷ್ಟೋ ನೋಡಿದ್ದೇನೆ. ಹೊರಮೈಗೆ ಸಾವಿರಾರು ಪೌಂಡ್ ಸುರಿದವರು ಎಡವುವುದು ಗಾಳಿಗೆ ಪೆಟ್ರೋಲ್ ಬೆರೆಸುವ ಎರಡು ಎಸ್‌ಯು ಕಂಪನಿಯ ಕಾರ್ಬೊರೇಟರ್‌ಗಳ ಹತ್ತಿರ.

ಎಂಜಿಬಿ 1962ರಿಂದ 1980ರವರೆಗೆ ಆಕ್ಸ್‌ಫರ್ಡ್ ಹತ್ತಿರದ ಅಬಿಂಗ್ಡನ್‌ನಲ್ಲಿ ತಯಾರಾಯಿತು. ಎಂಜಿನ್ 1798 ಸಿಸಿಯ ಬಿ-ಸೀರೀಸ್. ನಮ್ಮ ಅಂಬಾಸಡರ್‌ನ ಹಳೆ 1489 ಸಿಸಿ ಎಂಜಿನ್ ಕೂಡ ಇದೇ ಮನೆತನದ್ದು. ಅದರ ಬಾನೆಟ್ ಎತ್ತಿ ಕೈ ಕಪ್ಪು ಮಾಡಿಕೊಂಡವರು ಇಲ್ಲಿ ಹೆದರಬೇಕಿಲ್ಲ. ನಾನು ಹೇಳುತ್ತಿರುವುದು ಮೊದಲಿನ ಎಂಜಿಬಿಗಳಲ್ಲಿದ್ದ ಎಸ್‌ಯು ಎಚ್‌ಎಸ್4 ಮಾದರಿಯ ಕಾರ್ಬೊರೇಟರ್ ಬಗ್ಗೆ.

1. ಮೊದಲು ಕಾರ್ಬೊರೇಟರ್ ಮುಟ್ಟಬೇಡಿ. ಟ್ಯಾಪೆಟ್, ಟೈಮಿಂಗ್ ಸರಿ ಮಾಡಿ. ಪ್ಲಗ್ ಗ್ಯಾಪ್ 0.025 ಇಂಚು, ಪಾಯಿಂಟ್ ಗ್ಯಾಪ್ 0.015 ಇಂಚು. ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುತ್ತ ಪ್ಲಗ್‌ಗಳಿಗೆ ಕರೆಂಟ್ ಹಂಚುವ ರೋಟರ್ ಅಗ್ಗದ್ದು ಹಾಕಲೇಬೇಡಿ. ಅದರ ರಿವೆಟ್ ಮೂಲಕ ಕರೆಂಟ್ ಸೋರಿ ಮಿಸ್ಸಿಂಗ್ ಶುರುವಾಗುತ್ತದೆ, ಜನ ಸುಮ್ನೆ ಕಾರ್ಬೊರೇಟರ್ ಬಿಚ್ಚುತ್ತಾರೆ. ರಿವೆಟ್ ಇಲ್ಲದ್ದನ್ನೇ ಕೊಳ್ಳಿ.

2. ಏರ್ ಫಿಲ್ಟರ್ ತೆಗೆದು ಕಾರ್ಬೊರೇಟರ್ ಒಳಗಿನ ಪಿಸ್ಟನ್ನನ್ನು (ಎಂಜಿನ್‌ನದ್ದಲ್ಲ) ಬೆರಳಿನಿಂದ ಎತ್ತಿ ಬಿಡಿ. ಟಕ್ ಎಂದು ಬೀಳಬೇಕು. ಬೀಳದಿದ್ದರೆ ಕೊಳೆ ಸೇರಿದೆ, ಇಲ್ಲವೇ ಪೆಟ್ರೋಲ್ ಬರುವ ಸಣ್ಣ ಕೊಳವೆ, ಅಂದರೆ ಜೆಟ್, ಸರಿಯಾಗಿ ಮಧ್ಯದಲ್ಲಿ ಕೂತಿಲ್ಲ. ಪೆಟ್ರೋಲ್, ಮೆತ್ತನೆ ಬಟ್ಟೆ ಸಾಕು. ಪಿಸ್ಟನ್ ಮೇಲಿನ ಗುಮ್ಮಟದಂಥ ಡ್ಯಾಶ್‌ಪಾಟನ್ನು ಹೊರಗೆ ಎಷ್ಟು ಬೇಕಾದರೂ ಹೊಳೆಸಿ, ಒಳಗೆ ಪಾಲಿಶ್ ಪೇಸ್ಟ್ ಹಾಕಿದರೆ ಕೆಲಸ ಕೆಟ್ಟಿತು. ಒಂದರ ಪಿಸ್ಟನ್ ಇನ್ನೊಂದರ ಡ್ಯಾಶ್‌ಪಾಟ್‌ಗೆ ಹೋಗದಂತೆ ಮೊದಲೇ ಗುರುತು ಮಾಡಿಕೊಳ್ಳಿ.

3. ಡ್ಯಾಶ್‌ಪಾಟ್‌ಗೆ 20 ಗ್ರೇಡ್ ಎಂಜಿನ್ ಆಯಿಲ್. ಹೊಲಿಗೆ ಮಷಿನ್‌ಗೆ ಬಿಡುವಂಥ ತೆಳು ಎಣ್ಣೆ ಬೇಡ, ಆಕ್ಸಿಲರೇಟರ್ ಒತ್ತಿದಾಗ ಗಾಡಿ ಮುಗ್ಗರಿಸುತ್ತದೆ.

4. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಗ್ಯಾರೇಜ್ ಬಾಗಿಲು ತೆರೆದೇ ಇರಲಿ, ಸೈಲೆನ್ಸರ್ ಹೊಗೆ ಪ್ರಾಣ ತೆಗೆಯುತ್ತದೆ. ಎರಡೂ ಕಾರ್ಬೊರೇಟರ್ ಜೋಡಿಸುವ ಥ್ರಾಟಲ್ ಸರಳಿನ ಕ್ಲ್ಯಾಂಪ್ ಸಡಿಲಿಸಿ. ಒಂದು ರಬ್ಬರ್ ಪೈಪಿನ ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬೊರೇಟರ್ ಬಾಯಿಗೆ. ಎರಡರಲ್ಲೂ ಒಂದೇ ಥರ ಬುಸ್ ಎನ್ನುವವರೆಗೆ ಐಡ್ಲಿಂಗ್ ಸ್ಕ್ರೂ ತಿರುಗಿಸಿ. ಗಾಳಿ ಅಳೆಯುವ ಮೀಟರ್ ಸಿಗುತ್ತದೆ, ನನಗೆ ಪೈಪೇ ಸಾಕು.

5. ಜನ ಕೆಡಿಸುವುದು ಇಲ್ಲಿ. ಜೆಟ್ ಕೆಳಗೆ ಆರು ಮುಖದ ನಟ್ಟಿದೆ. ಮೇಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ, ಕೆಳಕ್ಕೆ ತಿರುಗಿಸಿದರೆ ಜಾಸ್ತಿ. ಎಲ್ಲ ಎಡವಟ್ಟಾಗಿದ್ದರೆ ಎಂಜಿನ್ ನಿಲ್ಲಿಸಿ, ಎರಡೂ ಜೆಟ್ ಬ್ರಿಡ್ಜ್‌ಗೆ (ಪಿಸ್ಟನ್ ಕೆಳಗಿನ ಉಬ್ಬಿದ ಭಾಗ) ಸಮವಾಗುವಷ್ಟು ಮೇಲಕ್ಕೆ ತನ್ನಿ, ಆಮೇಲೆ ಪೂರ್ತಿ ಎರಡು ಸುತ್ತು ಕೆಳಕ್ಕೆ ಇಳಿಸಿ. ಅಲ್ಲಿಂದ ಹೊಸದಾಗಿ ಶುರು.

ಈಗ ಎಂಜಿನ್ ಓಡುತ್ತಿರುವಾಗ ಕಾರ್ಬೊರೇಟರ್ ಪಕ್ಕದ, ಪಿಸ್ಟನ್ ಎತ್ತುವ ಪುಟ್ಟ ಪಿನ್ನನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ. ಮೊದಲು ಸ್ವಲ್ಪ ಖಾಲಿ ಚಲಿಸುತ್ತದೆ. ಪಿಸ್ಟನ್ ತಾಗಿದ ಮೇಲೆ ಎತ್ತಬೇಕಾದ್ದು 0.8 ಮಿ.ಮೀ. ಮಾತ್ರ. ಬಹಳ ಜನ ಪೂರ್ತಿ ಎತ್ತಿಬಿಡುತ್ತಾರೆ. ಆಗ ಎಂಜಿನ್ ಹೇಗಿದ್ದರೂ ಕುಸಿಯುತ್ತದೆ. ಪೆಟ್ರೋಲ್ ಸಾಲದು ಎಂದುಕೊಂಡು ಜೆಟ್ ಇಳಿಸುತ್ತಲೇ ಹೋಗುತ್ತಾರೆ, ಪ್ಲಗ್ ಮಸಿ ಹಿಡಿಯುತ್ತದೆ.

ಸ್ವಲ್ಪವೇ ಎತ್ತಿ, ಕೇಳಿ. ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ, ನಟ್ಟು ಮೇಲಕ್ಕೆ. ತಕ್ಷಣ ಕುಸಿದರೆ ಕಡಿಮೆ, ನಟ್ಟು ಕೆಳಕ್ಕೆ. ಒಂದು ಕ್ಷಣ ಚೂರು ಏರಿ ಮತ್ತೆ ಮೊದಲಿನಂತಾದರೆ ಸರಿ. ಪ್ರತಿ ಸಲ ನಟ್ಟಿನ ಒಂದೇ ಮುಖದಷ್ಟು ತಿರುಗಿಸಿ. ತಿರುಗಿಸಿದ ಮೇಲೆ ಒಂದು ಸಲ ರೇಸ್ ಕೊಟ್ಟು, ಎಂಜಿನ್ ಹದಕ್ಕೆ ಬಂದ ಮೇಲೆಯೇ ಮತ್ತೆ ಪಿನ್ ಒತ್ತಿ. ಎರಡನೆಯದು ಮುಗಿಸಿ ಮೊದಲನೆಯದಕ್ಕೆ ಮರಳಿ. ಎಂಜಿನ್‌ಗೆ ಗಾಳಿ-ಪೆಟ್ರೋಲ್ ಒಯ್ಯುವ ಮ್ಯಾನಿಫೋಲ್ಡ್‌ನಲ್ಲಿ ಎರಡಕ್ಕೂ ಸಂಪರ್ಕವಿದೆ, ಒಂದು ಬದಲಾದರೆ ಇನ್ನೊಂದೂ ಬದಲಾಗುತ್ತದೆ. ನನಗಂತೂ ಮೂರು ಸುತ್ತಾದರೂ ಬೇಕು.

ಇದಕ್ಕೆ ಬೇಸತ್ತು ಕೆಲವರು ಒಂದೇ ವೆಬರ್ ಕಾರ್ಬೊರೇಟರ್ ಕೂರಿಸುತ್ತಾರೆ. ಸಂಗ್ರಹಕ್ಕೆಂದು ಇಟ್ಟ ಕಾರಿಗೆ ಅದು ಬೇಡವೇ ಬೇಡ. ಕಾರ್ಖಾನೆಯಿಂದ ಬಂದ ಜೋಡಿಯೇ ಇರಲಿ.

6. ಐಡ್ಲಿಂಗ್ ಮತ್ತೊಮ್ಮೆ ಕೇಳಿ, ಕ್ಲ್ಯಾಂಪ್ ಬಿಗಿ ಮಾಡಿ. ಎರಡೂ ಥ್ರಾಟಲ್ ಒಟ್ಟಿಗೇ ತೆರೆಯಬೇಕು.

ಪೆಟ್ರೋಲ್ ಪೈಪನ್ನೂ ನೋಡಿ. ಬ್ರಿಟನ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಮಾಮೂಲಿ ಪೆಟ್ರೋಲ್ ಅಂದರೆ ಇ10, ಶೇಕಡ 10ರವರೆಗೆ ಎಥೆನಾಲ್ ಬೆರೆತದ್ದು. ಅದರ ಎಥೆನಾಲ್ ಹಳೆ ರಬ್ಬರನ್ನು ತಿನ್ನುತ್ತದೆ. ನಾನು ದುಡ್ಡು ಜಾಸ್ತಿಯಾದರೂ ಎಥೆನಾಲ್ ಶೇಕಡ 5ಕ್ಕಿಂತ ಮೀರದ ಇ5 ಸೂಪರ್ ಹಾಕಿಸುತ್ತೇನೆ. ಪೈಪ್ ಬಗ್ಗಿಸಿದಾಗ ಬಿರುಕು ಕಂಡರೆ ಅವತ್ತೇ ಬದಲಿಸಿ. ಅದರ ಕೆಳಗೇ ಸುಡುವ ಎಕ್ಸಾಸ್ಟ್ ಇದೆ.