ಆಸ್ಪತ್ರೆ 'ದುಡ್ಡಿಲ್ಲ' ಅಂದಾಗ ನರ್ಸ್ ಏನು ಮಾಡಬೇಕು?

ನಾನು ಹಾಸನದ ಕಡೆಯವಳು. ಹನ್ನೊಂದು ವರ್ಷದಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿ ನರ್ಸ್. ಒಂದು ನಾನ್‌ಪ್ರಾಫಿಟ್ (ಲಾಭಕ್ಕಾಗಿ ನಡೆಸದ) ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುತ್ತೇನೆ. ನಮ್ಮದು 30 ಹಾಸಿಗೆಯ ಯೂನಿಟ್. ಮೊದಲು ರಾತ್ರಿಗೆ ಆರು ನರ್ಸ್, ಮೂವರು ಏಡ್ (ನರ್ಸ್‌ಗೆ ಸಹಾಯಕರು) ಇರುತ್ತಿದ್ದರು. ಆಮೇಲೆ ನಾಲ್ಕು ನರ್ಸ್, ಒಬ್ಬ ಏಡ್ ಅಂತ ಮಾಡಿದರು. ಐದು ರೋಗಿಗಳನ್ನು ನೋಡುತ್ತಿದ್ದವಳು ಏಳು, ಎಂಟು ಜನರನ್ನು ನೋಡಬೇಕಾಯಿತು. ಯಾಕೆ ಅಂತ ಕೇಳಿದರೆ ಒಂದೇ ಉತ್ತರ: ದುಡ್ಡಿಲ್ಲ.

ಒಂದು ರಾತ್ರಿ ಒಬ್ಬ ಅಜ್ಜ ಬಾತ್‌ರೂಮಿಗೆ ಹೋಗಬೇಕು ಅಂತ ಕಾಲ್ ಲೈಟ್ ಒತ್ತಿದರು. ನಾನು ಇನ್ನೊಂದು ಕೋಣೆಯಲ್ಲಿ ರಕ್ತ ಏರಿಸುತ್ತಿದ್ದೆ. ಬಿಟ್ಟು ಬರುವ ಹಾಗಿರಲಿಲ್ಲ. ಏಡ್ ಕಾರಿಡಾರಿನ ಆ ತುದಿಯಲ್ಲಿದ್ದಳು. ಅಜ್ಜ ಕಾದು ಕಾದು ತಾವೇ ಎದ್ದರು, ಬಿದ್ದರು, ಸೊಂಟದ ಮೂಳೆ ಮುರಿಯಿತು. ಮೂರು ದಿನದ ಮೇಲೆ ಮ್ಯಾನೇಜರ್ ಕರೆದು, 'ಆ ಹೊತ್ತಿಗೆ ನಿನ್ನ ಹತ್ತಿರ ಎಷ್ಟು ರೋಗಿಗಳಿದ್ದರು?' ಅಂತ ಕೇಳಿದರು. ಏಳೋ ಎಂಟೋ ನನಗೆ ನೆನಪಿರಲಿಲ್ಲ. ಎಲ್ಲೂ ಬರೆದಿಟ್ಟಿರಲಿಲ್ಲ. ಆ ಅಜ್ಜನ ಮುಖ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ. ಆಮೇಲೆ ನಾನು ಕಲಿತದ್ದನ್ನು ಇಲ್ಲಿ ಕೆಲಸ ಮಾಡುವ ನಮ್ಮ ಕನ್ನಡದ ನರ್ಸ್‌ಗಳಿಗಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ನಾನ್‌ಪ್ರಾಫಿಟ್ ಆಸ್ಪತ್ರೆ ಫೆಡರಲ್ ಆದಾಯ ತೆರಿಗೆ ಕಟ್ಟುವುದಿಲ್ಲ. ಅದಕ್ಕೆ ಬದಲಾಗಿ ಊರಿಗೆ ಉಪಕಾರ ಮಾಡಬೇಕು. ಎಷ್ಟು ಮಾಡಬೇಕು ಅನ್ನುವುದಕ್ಕೆ ಫೆಡರಲ್ ಕಾನೂನಿನಲ್ಲಿ ಲೆಕ್ಕವಿಲ್ಲ. 1969ರಲ್ಲಿ ತೆರಿಗೆ ಇಲಾಖೆ ನಿಯಮ ಸಡಿಲಿಸಿದ ಮೇಲೆ ಹೀಗೇ ನಡೆದಿದೆ. ಆದರೆ ಪ್ರತಿ ವರ್ಷ ಫಾರ್ಮ್ 990 ಅನ್ನುವ ಲೆಕ್ಕಪತ್ರ ಕೊಡಬೇಕು. ಅದನ್ನು ಯಾರು ಬೇಕಾದರೂ ನೋಡಬಹುದು. ಪ್ರೊಪಬ್ಲಿಕಾ ಅನ್ನುವ ಸುದ್ದಿಸಂಸ್ಥೆಯ 'ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್' ವೆಬ್ ಪುಟದಲ್ಲಿ ಆಸ್ಪತ್ರೆ ಹೆಸರು ಹಾಕಿದರೆ ಪುಕ್ಕಟೆ ಸಿಗುತ್ತದೆ. ಒಂದೆರಡು ವರ್ಷ ಹಳೆಯದಿರುತ್ತದೆ, ಪರವಾಗಿಲ್ಲ. ಮೂರು ವರ್ಷದ್ದು ತೆಗೆದುಕೊಳ್ಳಿ. ಒಂದೇ ವರ್ಷದ್ದು ನೋಡಿ ತೀರ್ಮಾನ ಮಾಡಿದರೆ ಅವರಿಗೂ ಅನ್ಯಾಯ, ನಿಮ್ಮ ಮಾತಿಗೂ ಬೆಲೆ ಇರುವುದಿಲ್ಲ.

ನೂರಾರು ಪುಟ ನೋಡಿ ಹೆದರಬೇಡಿ. ಮೊದಲ ಪುಟದ 19ನೇ ಸಾಲು ನೋಡಿ. ಬಂದದ್ದರಲ್ಲಿ ಖರ್ಚು ಕಳೆದು ಉಳಿದದ್ದು ಎಷ್ಟು ಅಂತ ಅಲ್ಲಿದೆ. 22ನೇ ಸಾಲಿನಲ್ಲಿ ಇಷ್ಟು ವರ್ಷ ಸೇರಿಸಿಟ್ಟ ಆಸ್ತಿ ಇದೆ, ಸಾಲ ಕಳೆದು. 10ನೇ ಸಾಲಿನಲ್ಲಿ ಹೂಡಿಕೆಯಿಂದ ಬಂದ ಆದಾಯ. ಇದನ್ನು ಯಾಕೆ ನೋಡಬೇಕು ಅಂದರೆ, ರೋಗಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ನಿಜಕ್ಕೂ ನಷ್ಟವಿದೆಯಾ, ಇಲ್ಲ ಶೇರು ಪೇಟೆಯಲ್ಲಿ ಕಳೆದುಕೊಂಡು ನಮ್ಮ ಏಡ್‌ಗಳನ್ನು ಕಡಿತ ಮಾಡಿದರಾ ಅನ್ನುವುದು ಗೊತ್ತಾಗಬೇಕು. ನಿಜವಾಗಿ ನಷ್ಟದಲ್ಲಿರುವ ಆಸ್ಪತ್ರೆಗಳೂ ಇವೆ, ಹಳ್ಳಿ ಕಡೆ ಜಾಸ್ತಿ. ನಿಮ್ಮದು ಅಂಥದ್ದಾದರೆ ಮಾತಿನ ದಾರಿಯೇ ಬೇರೆ.

ಆಮೇಲೆ ಭಾಗ 7ಕ್ಕೆ ಹೋಗಿ. ದೊಡ್ಡವರ ಹೆಸರು, ಸಂಬಳ ಅಲ್ಲಿದೆ. ನಾನು ಮೊದಲ ಸಲ ನೋಡಿದಾಗ ಸಿಇಒ ಹೆಸರಿನ ಮುಂದೆ ಸೊನ್ನೆ ಇತ್ತು. ನಂಬಿಬಿಟ್ಟೆ. ಪಕ್ಕದ ಇ ಕಾಲಂ ನೋಡಿರಲಿಲ್ಲ. ಆಸ್ಪತ್ರೆ ದೊಡ್ಡ ಗುಂಪಿಗೆ ಸೇರಿದ್ದರೆ ಸಂಬಳ ಮಾತೃಸಂಸ್ಥೆಯಿಂದ ಬರುತ್ತದೆ, ಆ ಮೊತ್ತ ಇ ಕಾಲಂನಲ್ಲಿರುತ್ತದೆ. ಮಾತೃಸಂಸ್ಥೆಯ 990 ಬೇರೆಯೇ ಇರಬಹುದು, ಅದನ್ನೂ ಹುಡುಕಿ. ಅದೇ ಭಾಗದ ಸೆಕ್ಷನ್ ಬಿಯಲ್ಲಿ ಅತಿ ಹೆಚ್ಚು ಹಣ ಪಡೆದ ಐದು ಗುತ್ತಿಗೆದಾರರಿದ್ದಾರೆ. ಕಾಯಂ ನರ್ಸ್ ತೆಗೆದು, ತಾತ್ಕಾಲಿಕ ನರ್ಸ್‌ಗಳನ್ನು ಕಳಿಸುವ ಏಜೆನ್ಸಿಗೆ ಸುರಿದ ದುಡ್ಡು ಕೆಲವೊಮ್ಮೆ ಅಲ್ಲೇ ಕಾಣುತ್ತದೆ.

ನನಗೆ ಅತಿ ಮುಖ್ಯ ಅನ್ನಿಸಿದ್ದು ಶೆಡ್ಯೂಲ್ ಜೆ, ಅಂದರೆ 990ರ ಜೊತೆಗಿರುವ ಒಂದು ಅನುಬಂಧ. ಅದರ ಎರಡನೇ ಭಾಗದಲ್ಲಿ ಮೂಲ ಸಂಬಳ ಬೇರೆ, ಬೋನಸ್ ಬೇರೆ ಕಾಲಂ. ಮೊದಲ ಭಾಗದ 5 ಮತ್ತು 6ನೇ ಸಾಲಿನಲ್ಲಿ ಒಂದು ಪ್ರಶ್ನೆ ಇದೆ: ಇವರ ಸಂಬಳ ಸಂಸ್ಥೆಯ ಆದಾಯಕ್ಕೋ ನಿವ್ವಳ ಗಳಿಕೆಗೋ ತಳುಕು ಹಾಕಿಕೊಂಡಿದೆಯಾ? ಹೌದು, ಇಲ್ಲ ಅಂತ ಗುರುತು ಇರುತ್ತದೆ. ಹೌದು ಅಂತಿದ್ದರೆ ಅದನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಬಡವರಿಗೆ ಉಚಿತವಾಗಿ ಎಷ್ಟು ಮಾಡಿದರು ಅನ್ನುವುದು ಶೆಡ್ಯೂಲ್ ಎಚ್‌ನ 7ಎ ಸಾಲಿನಲ್ಲಿದೆ, ಒಟ್ಟು ಖರ್ಚಿನಲ್ಲಿ ಶೇಕಡಾ ಎಷ್ಟು ಅಂತಲೂ ಇದೆ.

ಈಗ ಒಂದು ಸಣ್ಣ ಲೆಕ್ಕ ಮಾಡಿ. ರಾತ್ರಿಗೆ ಒಬ್ಬ ಏಡ್, 12 ಗಂಟೆ, 365 ದಿನ: 4,380 ಗಂಟೆ. ಗಂಟೆಗೆ 20 ಡಾಲರ್ ಅಂದರೆ 87,600 ಡಾಲರ್. ಇಬ್ಬರಿಗೆ 1,75,200. ಮೇಲೆ ಇನ್ಶೂರೆನ್ಸ್ ಇತ್ಯಾದಿ ಸೇರಿಸಿ. ಈ ಅಂಕಿಯನ್ನು ಬೋನಸ್ ಕಾಲಂನ ಪಕ್ಕ ಇಡಿ. ನಮ್ಮಲ್ಲಿ ಒಬ್ಬರ ಒಂದು ವರ್ಷದ ಬೋನಸ್‌ನಲ್ಲೇ ಆ ಇಬ್ಬರು ಏಡ್‌ಗಳ ಸಂಬಳ ಆಗಿ ಇನ್ನೂ ಉಳಿಯುತ್ತಿತ್ತು. ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ.

ಎರಡನೆಯದು, ಪ್ರತಿ ಶಿಫ್ಟ್ ಬರೆದಿಡುವುದು. ಒಂದು ಸಣ್ಣ ಪುಸ್ತಕ ಸಾಕು. ದಿನಾಂಕ, ಯೂನಿಟ್‌ನಲ್ಲಿ ಒಟ್ಟು ರೋಗಿಗಳು, ನರ್ಸ್ ಎಷ್ಟು, ಏಡ್ ಎಷ್ಟು, ನನಗೆ ಎಷ್ಟು. ತಡವಾದ ಔಷಧಿ, ತಪ್ಪಿದ ಊಟ, ಹೊತ್ತಿಗೆ ಮಗ್ಗುಲು ಬದಲಿಸಲಾಗದ ರೋಗಿ. ಯಾರಿಗೆ ಹೇಳಿದೆ, ಎಷ್ಟು ಗಂಟೆಗೆ, ಅವರೇನಂದರು. ರೋಗಿಯ ಹೆಸರು, ಕೋಣೆ ನಂಬರ್ ಬೇಡವೇ ಬೇಡ. ಚಾರ್ಟ್‌ನ ಫೋಟೋ ಹೊಡೆಯಲೇಬೇಡಿ, ಹೋಗುವುದು ನಿಮ್ಮ ಲೈಸೆನ್ಸ್. ನ್ಯೂಜೆರ್ಸಿಯಲ್ಲಿ ಪ್ರತಿ ಯೂನಿಟ್‌ನ ಸಿಬ್ಬಂದಿ ಲೆಕ್ಕವನ್ನು ದಿನವೂ ಕಾಣುವ ಹಾಗೆ ಹಾಕಬೇಕು ಅನ್ನುವ ಕಾನೂನಿದೆ. ಆ ಹಾಳೆಯ ಅಂಕಿ ಮತ್ತು ನಿಮ್ಮ ಪುಸ್ತಕದ ಅಂಕಿ ತಾಳೆ ಆಗುತ್ತದಾ ನೋಡಿ. ಯೂನಿಯನ್ ಇದ್ದರೆ 'ಒಪ್ಪದೆ ಕೆಲಸ ವಹಿಸಿಕೊಂಡಿದ್ದೇನೆ' ಅನ್ನುವ ಫಾರ್ಮ್ ಇರುತ್ತದೆ. ಶಿಫ್ಟ್ ಶುರುವಾದಾಗಲೇ ತುಂಬಿ. ಯೂನಿಯನ್ ಇಲ್ಲದಿದ್ದರೆ ಮ್ಯಾನೇಜರ್‌ಗೆ ಎರಡು ಸಾಲಿನ ಇಮೇಲ್ ಹಾಕಿ.

ಮೂರನೆಯದು, ಒಬ್ಬರೇ ಹೋಗಬೇಡಿ. ಇಬ್ಬರು ಮೂವರು ಸೇರಿ ಕೆಲಸದ ಪರಿಸ್ಥಿತಿ ಬಗ್ಗೆ ಕೇಳಿದರೆ ಫೆಡರಲ್ ಕಾರ್ಮಿಕ ಕಾನೂನಿನ ರಕ್ಷಣೆ ಇದೆ, ಯೂನಿಯನ್ ಇಲ್ಲದಿದ್ದರೂ. 1974ರ ತಿದ್ದುಪಡಿಯಾದ ಮೇಲೆ ನಾನ್‌ಪ್ರಾಫಿಟ್ ಆಸ್ಪತ್ರೆಗಳಿಗೂ ಅದು ಅನ್ವಯಿಸುತ್ತದೆ. ವೀಸಾ ಮೇಲೆ ಬಂದವರಿಗೂ ಇದೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಹೊಸದಾಗಿ ಬಂದ ನಮ್ಮ ಹುಡುಗಿಯರು 'ಸುಮ್ನೆ ಇರೋಣ ಅಕ್ಕ, ಗ್ರೀನ್ ಕಾರ್ಡ್‌ಗೆ ತೊಂದರೆ ಆಗುತ್ತೆ' ಅಂತಾರೆ. ಆದರೆ ಸೂಪರ್‌ವೈಸರ್ ಹುದ್ದೆಯವರಿಗೆ ಈ ರಕ್ಷಣೆ ಇಲ್ಲ. ನಿಮ್ಮ ಮೇಲೆ ಸೇಡು ತೀರಿಸಿಕೊಂಡರೆ ಆರು ತಿಂಗಳೊಳಗೆ ಈ ಕಾನೂನನ್ನು ನೋಡಿಕೊಳ್ಳುವ ನ್ಯಾಷನಲ್ ಲೇಬರ್ ರಿಲೇಷನ್ಸ್ ಬೋರ್ಡ್‌ಗೆ ದೂರು ಕೊಡಬೇಕು.

ಮೀಟಿಂಗ್‌ಗೆ ಒಂದೇ ಹಾಳೆ ಒಯ್ಯಿರಿ. ಮೇಲೆ ಎರಡು ತಿಂಗಳ ಶಿಫ್ಟ್ ಲೆಕ್ಕ, ಕೆಳಗೆ 990ರ ಮೂರು ಅಂಕಿ. ಜೊತೆಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲಿಂಡಾ ಏಕನ್ ತಂಡ 2002ರಲ್ಲಿ ಕಂಡುಕೊಂಡದ್ದು: ಶಸ್ತ್ರಚಿಕಿತ್ಸೆಯಾದವರಲ್ಲಿ, ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದ ಹಾಗೆಲ್ಲ 30 ದಿನದೊಳಗೆ ಸಾಯುವ ಸಂಭವ ಶೇಕಡಾ 7ರಷ್ಟು ಏರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಕಾನೂನೇ ಮಿತಿ ಹಾಕಿದೆ, ನಮ್ಮಂಥ ಯೂನಿಟ್‌ಗೆ ಈಗ ಒಬ್ಬರಿಗೆ ಐದೇ ರೋಗಿ. ನಮ್ಮ ರಾಜ್ಯದಲ್ಲೇ 2023ರಲ್ಲಿ ನ್ಯೂ ಬ್ರನ್ಸ್‌ವಿಕ್‌ನ ಸುಮಾರು 1,700 ನರ್ಸ್‌ಗಳು ಇದೇ ವಿಷಯಕ್ಕೆ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಮುಷ್ಕರ ಮಾಡಿದರು. ಇಷ್ಟು ಹೇಳಿ, ಒಂದೇ ಪ್ರಶ್ನೆ ಕೇಳಿ: 'ರಾತ್ರಿಯ ಇಬ್ಬರು ಏಡ್‌ಗಳನ್ನು ಯಾವಾಗ ವಾಪಸ್ ಕೊಡುತ್ತೀರಿ?' ಉತ್ತರವನ್ನು ಮೀಟಿಂಗ್ ಟಿಪ್ಪಣಿಯಲ್ಲಿ ಬರೆಸಿ.

ನಾವು ಐವರು ಹೋಗಿದ್ದೆವು. ಮೂರು ಮೀಟಿಂಗ್ ಬೇಕಾಯಿತು. ಒಬ್ಬ ಏಡ್ ವಾಪಸ್ ಬಂದಿದ್ದಾಳೆ. ಇನ್ನೊಬ್ಬಳಿಗಾಗಿ ಬರುವ ತಿಂಗಳು ಮತ್ತೆ ಹೋಗುತ್ತಿದ್ದೇವೆ, ಈ ಸಲ ಒಂಬತ್ತು ಜನ.